ಡೊಮೈನ್ ಲಾಗಿನ್ ತೊಂದರೆ: ಅರ್ಧ ಆಫೀಸ್ ಒಳಗೆ, ಅರ್ಧ ಆಫೀಸ್ ಹೊರಗೆ (ದಾವಣಗೆರೆ)

ಮಂಡಿಪೇಟೆ_ಸಿಸ್ಟಮ್ · ಸೋಮವಾರ ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮೆಕ್ಕೆಜೋಳ ವ್ಯಾಪಾರದ ಆಫೀಸು ನಮ್ಮದು. ಮೂವತ್ತರ ಮೇಲೆ ಕಂಪ್ಯೂಟರ್ ಇವೆ. ಸರ್ವರ್ ಒಂದೇ, ವಿಂಡೋಸ್ ಸರ್ವರ್ 2019. ಆಕ್ಟಿವ್ ಡೈರೆಕ್ಟರಿ (ಆಫೀಸಿನ ಯೂಸರ್, ಕಂಪ್ಯೂಟರ್‌ಗಳ ಪಟ್ಟಿ, ಅಂದರೆ ಡೊಮೈನ್, ನೋಡಿಕೊಳ್ಳೋದು), ಡಿಎನ್‌ಎಸ್ (ಹೆಸರು ಕೇಳಿದರೆ ಐಪಿ ವಿಳಾಸ ಹೇಳೋದು), ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ಐಪಿ ಹಂಚೋದು) ಎಲ್ಲಾ ಅದರಲ್ಲೇ. ಚಿತ್ರದುರ್ಗದಲ್ಲಿ ಒಂದು ಬ್ರಾಂಚ್ ಇದೆ, ಅವರು ಇಂಟರ್ನೆಟ್ ಮೇಲಿನ ಖಾಸಗಿ ದಾರಿ ವಿಪಿಎನ್‌ನಲ್ಲಿ ಬರುತ್ತಾರೆ.

ಇವತ್ತು ಬೆಳಿಗ್ಗೆ ಬಂದರೆ ಅರ್ಧ ಜನಕ್ಕೆ ಲಾಗಿನ್ ಆಗುತ್ತಿಲ್ಲ. ಜಾಸ್ತಿ ಕಡೆ ಬರುತ್ತಿರುವ ಮೆಸೇಜು "ನೋ ಲಾಗಾನ್ ಸರ್ವರ್ಸ್ ಅವೈಲೆಬಲ್". ಒಂದರಲ್ಲಿ "ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ಡ್". ಗೋಡೌನ್ ಕಂಪ್ಯೂಟರ್‌ನಲ್ಲಿ ಟೈಮ್ ಬಗ್ಗೆ ಏನೋ ಬರುತ್ತಿದೆ. ಬಿಲ್ಲಿಂಗ್‌ನ ಒಬ್ಬರ ಅಕೌಂಟ್ ಲಾಕ್ ಆಗಿದೆ.

ವಿಚಿತ್ರ ಏನಂದರೆ, ಕ್ಯಾಷಿಯರ್ ತನ್ನ ಸಿಸ್ಟಮ್‌ನಲ್ಲಿ ಆರಾಮಾಗಿ ಲಾಗಿನ್ ಆಗುತ್ತಾರೆ. ಅದೇ ಯೂಸರ್, ಅದೇ ಪಾಸ್‌ವರ್ಡ್ ಪಕ್ಕದ ಸಿಸ್ಟಮ್‌ನಲ್ಲಿ ಆಗಲ್ಲ. ಎರಡರಿಂದಲೂ ಸರ್ವರ್‌ಗೆ ಪಿಂಗ್ ಹೋಗುತ್ತೆ. ಸಾಹುಕಾರರು ಕ್ಯಾಬಿನ್‌ನಿಂದ ಆಗಲೇ ಎರಡು ಸಲ ಬಂದು ನಿಂತು ಹೋದರು. ಎಲ್ಲಿಂದ ಶುರು ಮಾಡಲಿ?

ಹರಿಹರ_ಅಸೆಂಬ್ಲಿ · 10:52

ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಗುರು. ಡೊಮೈನ್‌ನಿಂದ ತೆಗೆದು ವರ್ಕ್‌ಗ್ರೂಪ್‌ಗೆ ಹಾಕಿ, ರೀಸ್ಟಾರ್ಟ್ ಮಾಡಿ, ಮತ್ತೆ ಜಾಯಿನ್ ಮಾಡಿ. ನಾನು ಎಲ್ಲಾ ಕಡೆ ಇದೇ ಮಾಡೋದು.

ದುರ್ಗದ_ನೆಟ್‌ವರ್ಕ್ · 10:58

ದಯವಿಟ್ಟು ಈಗಲೇ ಅದನ್ನು ಮಾಡಬೇಡಿ. ಸರ್ವರ್ ಸಿಗದೆ ಲಾಗಿನ್ ಆಗುತ್ತಿಲ್ಲ ಅಂದರೆ, ಡೊಮೈನ್‌ನಿಂದ ತೆಗೆದ ಮೇಲೆ ಮತ್ತೆ ಜಾಯಿನ್ ಆಗೋದಕ್ಕೂ ಸರ್ವರ್ ಸಿಗಲ್ಲ. ಆಮೇಲೆ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ ಅಂತಾದರೆ ಆ ಕಂಪ್ಯೂಟರ್ ಒಳಗೆ ಹೋಗೋಕೇ ಆಗಲ್ಲ. ಒಂದು ಕಂಪ್ಯೂಟರ್ ಆದರೆ ಹಾಳಾಗಿ ಹೋಗಲಿ. ಅರ್ಧ ಆಫೀಸು ಒಂದೇ ದಿನ ಬಿದ್ದಿದೆ ಅಂದರೆ ತೊಂದರೆ ಕಂಪ್ಯೂಟರ್‌ಗಳಲ್ಲಿ ಇಲ್ಲ, ಮಧ್ಯೆ ಎಲ್ಲೋ ಇದೆ.

ಕ್ಯಾಷಿಯರ್ ಕಥೆಗೆ ಕಾರಣ ಇದು. ವಿಂಡೋಸ್ ಹಿಂದೆ ಲಾಗಿನ್ ಆದ ಡೊಮೈನ್ ಯೂಸರ್‌ಗಳನ್ನು ಆ ಕಂಪ್ಯೂಟರ್‌ನಲ್ಲೇ ನೆನಪಿಟ್ಟುಕೊಂಡಿರುತ್ತೆ. ಡೀಫಾಲ್ಟ್ ಆಗಿ 10 ಜನರದು. ಸರ್ವರ್ ಸಿಗದಿದ್ದರೂ ಅವರನ್ನು ಒಳಗೆ ಬಿಡುತ್ತೆ. ಪಕ್ಕದ ಸಿಸ್ಟಮ್‌ನಲ್ಲಿ ಆಕೆ ಹಿಂದೆ ಯಾವತ್ತೂ ಕೂತಿಲ್ಲ, ಅದಕ್ಕೇ ಆಗುತ್ತಿಲ್ಲ. ಅಂದರೆ "ಲಾಗಿನ್ ಆಗಿದೆ" ಅನ್ನುವ ಅರ್ಧದಲ್ಲೂ ಎಷ್ಟು ನಿಜವಾಗಿ ಸರ್ವರ್ ಕೇಳಿ ಒಳಗೆ ಹೋಗಿವೆಯೋ ಗೊತ್ತಿಲ್ಲ. ಒಳಗಿದ್ದವರಿಗೆ ಶೇರ್ ಫೋಲ್ಡರ್ ತೆಗೆಯೋಕೆ ಹೇಳಿ ನೋಡಿ.

ಈಗ ಒಂದು ಕೆಲಸ ಮಾಡಿ. ಸರಿ ಇರುವ ಒಂದು ಕಂಪ್ಯೂಟರ್, ಕೆಟ್ಟಿರುವ ಒಂದು ಕಂಪ್ಯೂಟರ್, ಎರಡರಲ್ಲೂ ಐಪಿಕಾನ್ಫಿಗ್ /ಆಲ್ (ನೆಟ್‌ವರ್ಕ್ ವಿವರ ತೋರಿಸುವ ಕಮಾಂಡ್) ಹೊಡೆದು ಪಕ್ಕ ಪಕ್ಕ ಇಟ್ಟು ನೋಡಿ. ಮೊಬೈಲ್‌ನಿಂದ ಬರೆಯುತ್ತಿದ್ದೇನೆ, ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆಯುತ್ತೇನೆ, ನೀವು ಇಂಗ್ಲಿಷ್‌ನಲ್ಲಿ ಹೊಡೆದುಕೊಳ್ಳಿ. ಮತ್ತೆ ಶನಿವಾರ ಭಾನುವಾರ ಏನಾದರೂ ಬದಲಾಯಿಸಿದರಾ?

ಮಂಡಿಪೇಟೆ_ಸಿಸ್ಟಮ್ · 11:20

ನಾವೇನೂ ಬದಲಾಯಿಸಿಲ್ಲ ಸರ್. ವಾಚ್‌ಮನ್ ಕೇಳಿದೆ. ಶನಿವಾರ ಸಂಜೆ ಇಂಟರ್ನೆಟ್‌ನವರು ಬಂದು ಹಳೆ ರೂಟರ್ ಬಿಚ್ಚಿ ಹೊಸದು ಕೂರಿಸಿ ಹೋದರಂತೆ. ನನಗೆ ಯಾರೂ ಹೇಳಿಲ್ಲ.

ಸರಿ ಇರುವುದರಲ್ಲಿ: ಡಿಎಚ್‌ಸಿಪಿ ಸರ್ವರ್ 192.168.1.5, ಡಿಎನ್‌ಎಸ್ 192.168.1.5. ಅದು ನಮ್ಮ ಸರ್ವರ್.
ಕೆಟ್ಟಿರುವುದರಲ್ಲಿ: ಡಿಎಚ್‌ಸಿಪಿ ಸರ್ವರ್ 192.168.1.1, ಡಿಎನ್‌ಎಸ್ 192.168.1.1, ಅದರ ಕೆಳಗೆ 8.8.8.8.

ಒಳಗಿರುವವರಲ್ಲಿ ಐದಾರು ಜನಕ್ಕೆ ಶೇರ್ ಫೋಲ್ಡರ್ ತೆರೆಯುತ್ತಿಲ್ಲ, ನೀವು ಹೇಳಿದ ಹಾಗೇ.

ದುರ್ಗದ_ನೆಟ್‌ವರ್ಕ್ · 11:34

ಸಿಕ್ಕಿತು ನೋಡ್ರಿ.

ಹೊಸ ರೂಟರ್ ತಾನೂ ಐಪಿ ಹಂಚುತ್ತಿದೆ. ಒಂದೇ ನೆಟ್‌ವರ್ಕ್‌ನಲ್ಲಿ ಇಬ್ಬರು ಡಿಎಚ್‌ಸಿಪಿ. ಕಂಪ್ಯೂಟರ್ ಆನ್ ಆದಾಗ "ಯಾರಾದರೂ ಐಪಿ ಕೊಡಿ" ಅಂತ ಕೂಗುತ್ತೆ, ಯಾರು ಮೊದಲು ಉತ್ತರ ಕೊಟ್ಟರೋ ಅವರದ್ದನ್ನೇ ತಗೊಳ್ಳುತ್ತೆ. ವಿಂಡೋಸ್ ಡಿಎಚ್‌ಸಿಪಿಯ ಲೀಸು, ಅಂದರೆ ಕೊಟ್ಟ ಐಪಿಯ ಅವಧಿ, ಡೀಫಾಲ್ಟ್ ಆಗಿ 8 ದಿನ. ಲೀಸು ಉಳಿದಿದ್ದವು ಹಳೆಯದನ್ನೇ ಮುಂದುವರಿಸಿವೆ. ಮುಗಿದಿದ್ದವು ರೂಟರ್ ಕೈಗೆ ಸಿಕ್ಕಿವೆ. ಅದಕ್ಕೇ ಅರ್ಧ ಅರ್ಧ.

ಪಿಂಗ್ ಹೋಗುತ್ತಲ್ಲ ಅಂದರೆ, ಐಪಿಗೆ ಪಿಂಗ್ ಹೋದರೆ ವೈರ್ ಸರಿ ಇದೆ ಅಂತ ಮಾತ್ರ ಗೊತ್ತಾಗುತ್ತೆ. ಲಾಗಿನ್ ಆಗುವಾಗ ಕಂಪ್ಯೂಟರ್ ಸರ್ವರ್‌ನ ಐಪಿಯನ್ನು ಮೊದಲೇ ತಿಳಿದುಕೊಂಡಿರಲ್ಲ. ಡಿಎನ್‌ಎಸ್‌ಗೆ ಹೋಗಿ "ಈ ಡೊಮೈನ್‌ನ ಡೊಮೈನ್ ಕಂಟ್ರೋಲರ್ (ಲಾಗಿನ್ ಪರೀಕ್ಷಿಸುವ ಸರ್ವರ್) ಯಾರು" ಅಂತ ಕೇಳುತ್ತೆ. ಎಸ್‌ಆರ್‌ವಿ ರೆಕಾರ್ಡ್ ಅಂತಾರೆ ಅದಕ್ಕೆ. ಆ ರೆಕಾರ್ಡ್ ಇರೋದು ನಿಮ್ಮ ಸರ್ವರ್‌ನ ಡಿಎನ್‌ಎಸ್‌ನಲ್ಲಿ ಮಾತ್ರ. ಗೂಗಲ್‌ನ ಡಿಎನ್‌ಎಸ್ ಆದ 8.8.8.8 ಹತ್ತಿರ ಅದನ್ನು ಕೇಳೋದು, ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಂತು ಮಂಡಿಪೇಟೆಯ ನಿಮ್ಮ ಅಂಗಡಿ ಯಾವ ಗಲ್ಲಿ ಅಂತ ಕೇಳಿದ ಹಾಗೆ.

ಕೆಟ್ಟಿರುವುದರಲ್ಲಿ ಎನ್‌ಎಲ್‌ಟೆಸ್ಟ್ /ಡಿಎಸ್‌ಗೆಟ್‌ಡಿಸಿ: ಮುಂದೆ ನಿಮ್ಮ ಡೊಮೈನ್ ಹೆಸರು ಹಾಕಿ ಹೊಡೆಯಿರಿ. ಡೊಮೈನ್ ಸಿಗಲಿಲ್ಲ ಅನ್ನುತ್ತೆ. ಆಮೇಲೆ ರೂಟರ್ ಪೇಜ್‌ಗೆ ಹೋಗಿ ಡಿಎಚ್‌ಸಿಪಿ ಆಫ್ ಮಾಡಿ. ಪ್ರತಿ ಕಂಪ್ಯೂಟರ್‌ನಲ್ಲೂ ಐಪಿಕಾನ್ಫಿಗ್ /ರಿಲೀಸ್, /ರಿನ್ಯೂ, /ಫ್ಲಶ್‌ಡಿಎನ್‌ಎಸ್. ಲಾಗಿನ್ ಆಗದವರು ಸುಮ್ನೆ ರೀಸ್ಟಾರ್ಟ್ ಮಾಡಲಿ.

ಫೈಬರ್_ಲೈನ್‌ಮ್ಯಾನ್ · 11:50

ಅಣ್ಣಾ, ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ನಮಗೆ ಕೊಡುವ ಬಾಕ್ಸ್‌ಗಳು ಡಿಎಚ್‌ಸಿಪಿ ಆನ್ ಆಗಿಯೇ ಬರುತ್ತವೆ. ಮನೆಗೆ ಅದೇ ಸರಿ. ಮೊಬೈಲ್‌ನಲ್ಲಿ ನೆಟ್ ಬಂತಾ ಅಂತ ನೋಡಿ ಮುಂದಿನ ಕಂಪ್ಲೇಂಟ್‌ಗೆ ಓಡಬೇಕು. ಒಳಗೆ ಸರ್ವರ್ ಇದೆ ಅಂತ ಒಂದು ಚೀಟಿ ರೂಟರ್ ಮೇಲೆ ಅಂಟಿಸಿ, ನಾವೇ ಆಫ್ ಮಾಡಿ ಹೋಗುತ್ತೇವೆ.

ಪಿಜೆ_ಎಕ್ಸ್‌ಟೆನ್ಷನ್ · 12:05

ನನ್ನದೊಂದು ತಕರಾರು. ನಾನು ಎಲ್ಲಾ ಆಫೀಸ್‌ನಲ್ಲೂ ಮೊದಲ ಡಿಎನ್‌ಎಸ್ ಸರ್ವರ್, ಎರಡನೆಯದು 8.8.8.8 ಅಂತಲೇ ಹಾಕೋದು. ಸರ್ವರ್ ಬಿದ್ದರೆ ಇಂಟರ್ನೆಟ್ ಆದರೂ ನಡೆಯುತ್ತೆ. ಜಿಎಸ್‌ಟಿ ಕೊನೇ ದಿನ ಇಂಟರ್ನೆಟ್ ಇಲ್ಲ ಅಂದರೆ ಆಡಿಟರ್ ನನ್ನ ಕೊಲ್ಲುತ್ತಾರೆ. ಇಷ್ಟು ವರ್ಷದಲ್ಲಿ ತೊಂದರೆ ಆಗಿಲ್ಲ.

ದುರ್ಗದ_ನೆಟ್‌ವರ್ಕ್ · 12:21

ಆಗಿರುತ್ತೆ ಸರ್, "ರೀಸ್ಟಾರ್ಟ್ ಮಾಡಿದರೆ ಸರಿ ಹೋಯಿತು" ಅಂತ ದಾಟಿಸಿರುತ್ತೀರಿ.

ಎರಡನೇ ಡಿಎನ್‌ಎಸ್ ಅಂದರೆ "ಮೊದಲನೆಯದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಇದನ್ನು ಕೇಳು" ಅಂತಲ್ಲ. ಮೊದಲನೆಯದು ಉತ್ತರವನ್ನೇ ಕೊಡದಿದ್ದರೆ ಮಾತ್ರ ವಿಂಡೋಸ್ ಎರಡನೆಯದರ ಹತ್ತಿರ ಹೋಗುತ್ತೆ. ಸರ್ವರ್ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗುತ್ತಿರುವಾಗ ಒಬ್ಬರು ಕಂಪ್ಯೂಟರ್ ಆನ್ ಮಾಡಿದರು ಅಂದುಕೊಳ್ಳಿ. ಅದು 8.8.8.8 ಕೇಳುತ್ತೆ. ಅಲ್ಲಿಂದ "ಅಂಥ ಹೆಸರೇ ಇಲ್ಲ" ಅಂತ ಉತ್ತರ ಬರುತ್ತೆ. ಇಲ್ಲ ಅನ್ನೋದೂ ಒಂದು ಉತ್ತರವೇ ಅಲ್ವಾ? ವಿಂಡೋಸ್ ಅದನ್ನು ನಂಬಿ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತೆ. ಸರ್ವರ್ ಮೇಲೆದ್ದ ಮೇಲೂ ಆ ಕಂಪ್ಯೂಟರ್ ಸರ್ವರ್ ಇಲ್ಲ ಅನ್ನುತ್ತಲೇ ಇರುತ್ತೆ. ಇಂಥ ತೊಂದರೆ ಹಿಡಿಯೋದು ಬಲು ಕಷ್ಟ, ನೀವು ನೋಡೋಕೆ ಹೋಗುವಷ್ಟರಲ್ಲಿ ತಾನೇ ಸರಿಯಾಗಿರುತ್ತೆ.

ಹೊರಗಿನ ಡಿಎನ್‌ಎಸ್ ಹಾಕಬೇಕಾದ ಜಾಗ ಸರ್ವರ್‌ನ ಡಿಎನ್‌ಎಸ್ ಮ್ಯಾನೇಜರ್‌ನಲ್ಲಿರುವ ಫಾರ್ವರ್ಡರ್ಸ್, ಅಂದರೆ ಸರ್ವರ್ ತನಗೆ ಗೊತ್ತಿಲ್ಲದ್ದನ್ನು ಹೊರಗೆ ಕೇಳುವ ಜಾಗ. ಕ್ಲೈಂಟ್‌ನಲ್ಲಿ ಎರಡನೇ ಡಿಎನ್‌ಎಸ್ ಬೇಕು ಅಂದರೆ ಎರಡನೇ ಡೊಮೈನ್ ಕಂಟ್ರೋಲರ್ ಹಾಕಿ. ನಿಮ್ಮ ಆಡಿಟರ್ ಚಿಂತೆಗೂ ಅದೇ ಔಷಧಿ.

ಪಿಜೆ_ಎಕ್ಸ್‌ಟೆನ್ಷನ್ · 12:30

ಎರಡನೇ ಸರ್ವರ್ ಅಂದರೆ ನಮ್ಮ ಕಡೆ ಮಾಲೀಕರು ನನ್ನನ್ನೇ ಎರಡನೆಯವನನ್ನಾಗಿ ಮಾಡುತ್ತಾರೆ. ಆದರೂ ಮಾತು ಒಪ್ಪಿದೆ.

ಮಂಡಿಪೇಟೆ_ಸಿಸ್ಟಮ್ · ಮಧ್ಯಾಹ್ನ 1:45

ರೂಟರ್ ಡಿಎಚ್‌ಸಿಪಿ ಆಫ್ ಮಾಡಿದೆ. ಬಹುತೇಕ ಎಲ್ಲಾ ಬಂದವು, ಸಾಹುಕಾರರ ಮುಖದಲ್ಲಿ ನಗು ಬಂತು. ಆದರೆ ಎರಡು ಹೊಸ ವಿಂಡೋಸ್ 11 ಕಂಪ್ಯೂಟರ್‌ಗಳಲ್ಲಿ ಅದೇ ಮೆಸೇಜು. ಡಿಎನ್‌ಎಸ್ 192.168.1.5 ಅಂತಲೇ ತೋರಿಸುತ್ತಿದೆ. ಅದರ ಮೇಲೆ ಇನ್ನೊಂದು ಉದ್ದ ನಂಬರ್ ಇದೆ, ಎಫ್‌ಇ80 ಅಂತ ಶುರುವಾಗುತ್ತೆ.

ದುರ್ಗದ_ನೆಟ್‌ವರ್ಕ್ · 1:58

ಅದು ಐಪಿವಿ6 (ಹೊಸ ಮಾದರಿಯ ಐಪಿ) ವಿಳಾಸ, ರೂಟರ್‌ದೇ. ಡಿಎಚ್‌ಸಿಪಿ ಆಫ್ ಮಾಡಿದ್ದು ಹಳೆ ಮಾದರಿಯ ಐಪಿವಿ4ಗೆ ಮಾತ್ರ. ಈಗಿನ ರೂಟರ್‌ಗಳು ಐಪಿವಿ6ನಲ್ಲಿ "ನಾನೇ ಡಿಎನ್‌ಎಸ್" ಅಂತ ಬೇರೆ ದಾರಿಯಲ್ಲಿ ಸಾರುತ್ತಿರುತ್ತವೆ. ರೂಟರ್ ಅಡ್ವರ್ಟೈಸ್‌ಮೆಂಟ್ ಅಂತ ಹೆಸರು. ವಿಂಡೋಸ್ ಐಪಿವಿ6 ಡಿಎನ್‌ಎಸ್‌ಗೆ ಮೊದಲ ಮಣೆ ಹಾಕುತ್ತೆ. ರೂಟರ್‌ನ ಲ್ಯಾನ್ ಸೆಟ್ಟಿಂಗ್‌ನಲ್ಲಿ ಐಪಿವಿ6 ಭಾಗ ಹುಡುಕಿ, ಡಿಎಚ್‌ಸಿಪಿವಿ6 ಮತ್ತು ಡಿಎನ್‌ಎಸ್ ಸಾರುವುದನ್ನು ನಿಲ್ಲಿಸಿ. ಕಂಪ್ಯೂಟರ್‌ಗಳಲ್ಲಿ ಐಪಿವಿ6 ಟಿಕ್ ತೆಗೆಯುತ್ತಾ ಹೋಗಬೇಡಿ. ಮೈಕ್ರೋಸಾಫ್ಟ್‌ನವರೇ ಅದನ್ನು ಬೇಡ ಅನ್ನುತ್ತಾರೆ.

ಮಂಡಿಪೇಟೆ_ಸಿಸ್ಟಮ್ · 2:25

ಆಯಿತು ಸರ್! ಎರಡೂ ಬಂದವು. ಈಗ ಉಳಿದಿದ್ದು ಟ್ರಸ್ಟ್ ಒಂದು, ಗೋಡೌನ್ ಟೈಮ್ ಒಂದು, ಲಾಕ್ ಆಗುವ ಅಕೌಂಟ್ ಒಂದು. ಟ್ರಸ್ಟ್ ಬಂದಿರುವ ಕಂಪ್ಯೂಟರ್ ರಿಪೇರಿಗೆ ಹೋಗಿ ಬಂದಿತ್ತು. ಹಾರ್ಡ್‌ಡಿಸ್ಕ್ ಬದಲಾಯಿಸಿ ಹಳೆ ಬ್ಯಾಕಪ್ ಇಮೇಜ್ ಹಾಕಿ ಕೊಟ್ಟಿದ್ದಾರೆ.

ಲ್ಯಾಬ್_ಮೇಡಂ · 2:50

ಟ್ರಸ್ಟ್ ವಿಷಯ ನಾನು ಹೇಳುತ್ತೇನೆ, ನಮ್ಮ ಕಾಲೇಜು ಲ್ಯಾಬ್‌ನಲ್ಲಿ ಇದು ದಿನದ ಪಾಡು.

ಯೂಸರ್‌ಗೆ ಪಾಸ್‌ವರ್ಡ್ ಇರುವ ಹಾಗೆ ಡೊಮೈನ್‌ನಲ್ಲಿ ಪ್ರತಿ ಕಂಪ್ಯೂಟರ್‌ಗೂ ಒಂದು ಅಕೌಂಟ್, ಒಂದು ಪಾಸ್‌ವರ್ಡ್ ಇರುತ್ತೆ. ಅದನ್ನು ಕಂಪ್ಯೂಟರ್ ತಾನೇ 30 ದಿನಕ್ಕೊಮ್ಮೆ ಬದಲಾಯಿಸಿಕೊಂಡು ಸರ್ವರ್‌ಗೂ ಹೇಳುತ್ತೆ. ನಿಮ್ಮ ಇಮೇಜ್ ಹಳೆಯದು, ಒಳಗಿರುವ ಪಾಸ್‌ವರ್ಡೂ ಹಳೆಯದು. ಸರ್ವರ್ ಹತ್ತಿರ ಹೊಸದು ಇದೆ. ಎರಡೂ ತಾಳೆ ಆಗಲ್ಲ. ಹಾಗಂತ ರಜೆಯಲ್ಲಿ ಎರಡು ತಿಂಗಳು ಆಫ್ ಆಗಿದ್ದ ಕಂಪ್ಯೂಟರ್‌ಗೆ ಏನೂ ಆಗಲ್ಲ. ಬದಲಾಯಿಸೋದು ಕಂಪ್ಯೂಟರ್‌ನ ಕೆಲಸ, ಅದು ಆನ್ ಆದ ಮೇಲೆ ನಿಧಾನಕ್ಕೆ ಬದಲಾಯಿಸಿಕೊಳ್ಳುತ್ತೆ. ಎಷ್ಟೋ ಜನ ಇದನ್ನು ತಪ್ಪು ತಿಳಿದಿದ್ದಾರೆ.

ಮಾಡೋದು ಹೀಗೆ. ಲೋಕಲ್ ಅಡ್ಮಿನ್ ಗೊತ್ತಿದ್ದರೆ ಅದರಲ್ಲಿ ಒಳಗೆ ಹೋಗಿ. ಗೊತ್ತಿಲ್ಲದಿದ್ದರೆ ನೆಟ್‌ವರ್ಕ್ ಕೇಬಲ್ ಕೀಳಿ. ಹಿಂದೆ ಆ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿದ್ದ ಡೊಮೈನ್ ಅಡ್ಮಿನ್ ಯೂಸರ್ ಹಾಕಿ. ಕೇಬಲ್ ಇಲ್ಲದಿದ್ದರೆ ನೆನಪಿನಲ್ಲಿರುವ ಪಾಸ್‌ವರ್ಡ್ ನೋಡಿ ಒಳಗೆ ಬಿಡುತ್ತೆ. ಆಮೇಲೆ ಕೇಬಲ್ ಚುಚ್ಚಿ, ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆದು ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ -ರಿಪೇರ್ ಹೊಡೆಯಿರಿ. ಜೊತೆಗೆ -ಕ್ರೆಡೆನ್ಷಿಯಲ್ ಹಾಕಿ ಡೊಮೈನ್ ಅಡ್ಮಿನ್ ಕೊಡಿ. ಟ್ರೂ ಅಂತ ಬಂದರೆ ಮುಗಿಯಿತು.

ನಮ್ಮ ಲ್ಯಾಬ್‌ನಲ್ಲಿ ಪ್ರತಿ ರೀಸ್ಟಾರ್ಟ್‌ಗೂ ಹಳೆ ಸ್ಥಿತಿಗೆ ತರುವ ಸಾಫ್ಟ್‌ವೇರ್ ಇದೆ. ಅದರಿಂದ ಸಾಲು ಸಾಲಾಗಿ ಟ್ರಸ್ಟ್ ಹೋಗುತ್ತಿತ್ತು. ಸರ್ವರ್‌ನಿಂದ ಸೆಟ್ಟಿಂಗ್ ಕಳಿಸುವ ಗ್ರೂಪ್ ಪಾಲಿಸಿಯಲ್ಲಿ ಆ ಕಂಪ್ಯೂಟರ್‌ಗಳಿಗೆ ಮಾತ್ರ ಪಾಸ್‌ವರ್ಡ್ ಬದಲಾವಣೆ ನಿಲ್ಲಿಸಿದೆ. ಆಫೀಸಿನಲ್ಲಿ ಹಾಗೆ ಮಾಡಬೇಡಿ, ಭದ್ರತೆ ಕಮ್ಮಿ ಆಗುತ್ತೆ.

ಹರಿಹರ_ಅಸೆಂಬ್ಲಿ · 3:05

ಅಂದರೆ ಇದಕ್ಕಾದರೂ ನನ್ನ ಮದ್ದು ನಡೆಯುತ್ತಿತ್ತಲ್ಲ ಮೇಡಂ. ತೆಗೆದು ಮತ್ತೆ ಜಾಯಿನ್.

ಲ್ಯಾಬ್_ಮೇಡಂ · 3:12

ಇದಕ್ಕೆ ನಡೆಯುತ್ತೆ ಸರ್, ಸುಳ್ಳಲ್ಲ. ಅದೇ ಡೊಮೈನ್‌ಗೆ ಮತ್ತೆ ಸೇರಿಸಿದರೆ ಯೂಸರ್ ಪ್ರೊಫೈಲ್ ಕೂಡ ಹಾಗೇ ಇರುತ್ತೆ. ಆದರೆ ಎರಡು ರೀಸ್ಟಾರ್ಟ್ ಬೇಕು, ರಿಪೇರ್‌ಗೆ ಒಂದೂ ಬೇಡ.

ನೀವು ಅಸೆಂಬಲ್ ಮಾಡುವವರು, ಅದಕ್ಕೇ ನಿಮಗೊಂದು ಮಾತು. ಒಂದು ಕಂಪ್ಯೂಟರ್‌ಗೆ ವಿಂಡೋಸ್ ಹಾಕಿ ಅದನ್ನೇ ಇಪ್ಪತ್ತಕ್ಕೆ ಕ್ಲೋನ್ ಮಾಡುತ್ತೀರಲ್ಲ, ಅದರ ಮೊದಲು ವಿಂಡೋಸ್‌ನ ಸಿಸ್‌ಪ್ರೆಪ್ ಟೂಲ್ ಓಡಿಸಿ. ಇಲ್ಲದಿದ್ದರೆ ಎಲ್ಲದಕ್ಕೂ ಒಂದೇ ಎಸ್‌ಐಡಿ (ಕಂಪ್ಯೂಟರ್‌ನ ಗುರುತಿನ ಸಂಖ್ಯೆ) ಬರುತ್ತೆ. ಇಷ್ಟು ದಿನ ನಡೆಯುತ್ತಿತ್ತು. 2025ರ ಆಗಸ್ಟ್ ಕೊನೆಯಿಂದ ಬಂದ ಅಪ್‌ಡೇಟ್‌ಗಳಲ್ಲಿ ವಿಂಡೋಸ್ 11ರ 24ಎಚ್2, 25ಎಚ್2 ಆವೃತ್ತಿಗಳು ಇದನ್ನು ಪರೀಕ್ಷೆ ಮಾಡುತ್ತವೆ. ಒಂದೇ ಎಸ್‌ಐಡಿ ಇರುವ ಎರಡು ಕಂಪ್ಯೂಟರ್ ಒಂದಕ್ಕೊಂದು ಶೇರ್ ತೆಗೆಯೋಕೆ, ರಿಮೋಟ್ ಡೆಸ್ಕ್‌ಟಾಪ್ ಮಾಡೋಕೆ ಹೋದರೆ ಪಾಸ್‌ವರ್ಡ್ ಸರಿ ಇದ್ದರೂ ಬಿಡಲ್ಲ.

ಹರಿಹರ_ಅಸೆಂಬ್ಲಿ · 3:15

ಓಹೋ! ಒಂದು ಗಿರಾಕಿ ವಾರದಿಂದ ಇದೇ ಕಂಪ್ಲೇಂಟ್ ಹೇಳುತ್ತಿದ್ದಾರೆ. ಹೋಗಿ ನೋಡುತ್ತೇನೆ.

ಜಯದೇವ_ಸರ್ಕಲ್ · 3:40

ಗೋಡೌನ್ ಕಂಪ್ಯೂಟರ್‌ಗೆ ಬರೋಣ. ಡೊಮೈನ್ ಲಾಗಿನ್ ಪರೀಕ್ಷಿಸುವ ಕರ್ಬೆರಾಸ್ ಪದ್ಧತಿಗೆ ಕಂಪ್ಯೂಟರ್ ಗಡಿಯಾರಕ್ಕೂ ಸರ್ವರ್ ಗಡಿಯಾರಕ್ಕೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋಗುವ ಗೋಡೌನ್‌ಗಳಲ್ಲಿ ಮದರ್‌ಬೋರ್ಡ್ ಸೆಲ್ ಬೇಗ ಹೋಗುತ್ತೆ. ಸಿಆರ್2032 ಸೆಲ್, ವಾಚ್ ಅಂಗಡಿಯಲ್ಲೂ ಸಿಗುತ್ತೆ. ಬದಲಾಯಿಸಿ, ಟೈಮ್ ಸರಿ ಮಾಡಿ.

ಮಂಡಿಪೇಟೆ_ಸಿಸ್ಟಮ್ · 4:10

ಸೆಲ್ ಹಾಕಿದೆ. ಟೈಮ್ ಗೋಡೆ ಗಡಿಯಾರಕ್ಕೆ ಸರಿಯಾಗಿ ಇಟ್ಟೆ. ಆದರೂ ಅದೇ ಮೆಸೇಜು!

ಜಯದೇವ_ಸರ್ಕಲ್ · 4:16

ಟೈಮ್ ಝೋನ್ ನೋಡಿ.

ಮಂಡಿಪೇಟೆ_ಸಿಸ್ಟಮ್ · 4:21

ಪೆಸಿಫಿಕ್ ಟೈಮ್ ಅಂತಿದೆ!

ಜಯದೇವ_ಸರ್ಕಲ್ · 4:30

ಅದೇ ಕಥೆ. ವಿಂಡೋಸ್ ಹೊಸದಾಗಿ ಹಾಕುವಾಗ ಯಾರೋ ನೆಕ್ಸ್ಟ್ ನೆಕ್ಸ್ಟ್ ಒತ್ತಿದ್ದಾರೆ. ಕಣ್ಣಿಗೆ ಕಾಣುವ ಟೈಮ್ ಸರಿ ಇದ್ದರೂ ಕರ್ಬೆರಾಸ್ ನೋಡೋದು ಯುಟಿಸಿ ಟೈಮ್, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಟೈಮ್. ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದೆ, ಪೆಸಿಫಿಕ್ 8 ಗಂಟೆ ಹಿಂದೆ, ಬೇಸಿಗೆಯಲ್ಲಿ 7. ಗಡಿಯಾರ ನಾಲ್ಕೂಕಾಲು ಅಂದರೂ ಸರ್ವರ್ ಲೆಕ್ಕದಲ್ಲಿ ಅರ್ಧ ದಿನಕ್ಕಿಂತ ಜಾಸ್ತಿ ತಪ್ಪು. ಝೋನ್ ಬದಲಾಯಿಸಿ, ಟೈಮ್ ಇನ್ನೊಮ್ಮೆ ಸರಿಯಾಗಿದೆಯಾ ನೋಡಿ, ಆಮೇಲೆ ಡಬ್ಲ್ಯೂ32ಟಿಎಂ /ರೀಸಿಂಕ್. ಸರ್ವರ್‌ನಲ್ಲೂ ಡಬ್ಲ್ಯೂ32ಟಿಎಂ /ಕ್ವೆರಿ /ಸೋರ್ಸ್ ಹೊಡೆದು ನೋಡಿ. ಅದು ಲೋಕಲ್ ಸಿಮಾಸ್ ಕ್ಲಾಕ್ ಅಂದರೆ ಸರ್ವರ್‌ಗೇ ಸರಿಯಾದ ಟೈಮ್ ಕೊಡುವವರು ಯಾರೂ ಇಲ್ಲ. ಹೊರಗಿನ ಟೈಮ್ ಸರ್ವರ್ ಸೆಟ್ ಮಾಡಿ. ಉಳಿದ ಕಂಪ್ಯೂಟರ್‌ಗಳು ಅದರಿಂದಲೇ ಟೈಮ್ ತಗೊಳ್ಳುತ್ತವೆ.

ಮಂಡಿಪೇಟೆ_ಸಿಸ್ಟಮ್ · 4:48

ಗೋಡೌನ್ ಬಂತು. ಬಿಲ್ಲಿಂಗ್ ಅಕ್ಕನ ಅಕೌಂಟ್ ಮಾತ್ರ ಅನ್‌ಲಾಕ್ ಮಾಡಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಲಾಕ್. ಪಾಸ್‌ವರ್ಡ್ ಸರಿಯಾಗಿಯೇ ಹೊಡೆಯುತ್ತಿದ್ದೇನೆ ಅಂತ ಅವರು ಅಳುವುದೊಂದು ಬಾಕಿ.

ದುರ್ಗದ_ನೆಟ್‌ವರ್ಕ್ · 5:02

ಅವರನ್ನು ಬೈಯಬೇಡಿ. ಸರ್ವರ್‌ನ ಇವೆಂಟ್ ವ್ಯೂವರ್‌ನಲ್ಲಿ ಸೆಕ್ಯೂರಿಟಿ ಲಾಗ್ ತೆಗೆದು 4740 ನಂಬರ್ (ಅಕೌಂಟ್ ಲಾಕ್ ಆದ ದಾಖಲೆ) ಹುಡುಕಿ. ಅದರಲ್ಲಿ "ಕಾಲರ್ ಕಂಪ್ಯೂಟರ್ ನೇಮ್" ಇರುತ್ತೆ, ತಪ್ಪು ಪಾಸ್‌ವರ್ಡ್ ಬರುತ್ತಿರುವ ಕಂಪ್ಯೂಟರ್ ಯಾವುದು ಅಂತ ಅಲ್ಲೇ ಗೊತ್ತಾಗುತ್ತೆ. ಆ ಕಂಪ್ಯೂಟರ್‌ಗೆ ಹೋಗಿ 4625 (ಲಾಗಿನ್ ಆಗದ ದಾಖಲೆ) ನೋಡಿ. ಅದರ ಸಬ್ ಸ್ಟೇಟಸ್ ಕೋಡ್‌ನ ಕೊನೆ ನೋಡಿದರೆ ಸಾಕು. 6ಎ ಅಂದರೆ ಪಾಸ್‌ವರ್ಡ್ ತಪ್ಪು. 64 ಅಂದರೆ ಆ ಹೆಸರಿನ ಯೂಸರೇ ಇಲ್ಲ. 72 ಅಂದರೆ ಅಕೌಂಟ್ ಡಿಸೇಬಲ್. 234 ಅಂದರೆ ಲಾಕ್. 133 ಅಂದರೆ ಟೈಮ್ ವ್ಯತ್ಯಾಸ. ಪರದೆಯ ಮೇಲೆ ಬರುವ ಮೆಸೇಜಿಗಿಂತ ಈ ಕೋಡ್‌ಗಳನ್ನೇ ನಂಬಿ.

ಮಂಡಿಪೇಟೆ_ಸಿಸ್ಟಮ್ · 5:25

ಕಾಲರ್ ಎರಡು ಹೆಸರು ಇವೆ. ಒಂದು ಅವರದೇ ಕಂಪ್ಯೂಟರ್. ಇನ್ನೊಂದು ಡಿಸ್ಪ್ಯಾಚ್‌ನಲ್ಲಿರುವ ಹಳೆ ಕಂಪ್ಯೂಟರ್. ಎರಡರಲ್ಲೂ 6ಎ.

ದುರ್ಗದ_ನೆಟ್‌ವರ್ಕ್ · 5:31

ಡಿಸ್ಪ್ಯಾಚ್‌ನಲ್ಲಿ ಯಾವತ್ತೋ ಅವರ ಹೆಸರಿನಲ್ಲಿ ನೆಟ್‌ವರ್ಕ್ ಡ್ರೈವ್ ಮ್ಯಾಪ್ ಮಾಡಿ ಪಾಸ್‌ವರ್ಡ್ ಸೇವ್ ಮಾಡಿರುತ್ತಾರೆ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ನೋಡಿ ಅಳಿಸಿ. ಅವರದೇ ಕಂಪ್ಯೂಟರ್ ಯಾಕೆ ಬಂತು ಅನ್ನೋದು ಹೊಳೆಯುತ್ತಿಲ್ಲ.

ಲ್ಯಾಬ್_ಮೇಡಂ · 5:38

ಆ ಅಕ್ಕ ಕನ್ನಡದಲ್ಲಿ ಟೈಪ್ ಮಾಡುತ್ತಾರಾ? ರೈತರ ಹೆಸರು, ಊರು ಎಲ್ಲಾ?

ಮಂಡಿಪೇಟೆ_ಸಿಸ್ಟಮ್ · 5:41

ಹೌದು ಮೇಡಂ. ಮೊದಲು ನುಡಿ ಇತ್ತು, ಈಗ ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಹಾಕಿಕೊಟ್ಟಿದ್ದೇವೆ.

ಲ್ಯಾಬ್_ಮೇಡಂ · 5:46

ಅದೇ ಇರಬೇಕು. ನುಡಿ ಲಾಗಿನ್ ಆದ ಮೇಲೆ ಶುರುವಾಗುವ ಸಾಫ್ಟ್‌ವೇರ್, ಲಾಗಿನ್ ಪರದೆಗೆ ಅದು ಬರಲ್ಲ. ವಿಂಡೋಸ್‌ನ ಕನ್ನಡ ಕೀಬೋರ್ಡ್ ಹಾಗಲ್ಲ. ಕನ್ನಡದಲ್ಲಿ ಟೈಪ್ ಮಾಡುತ್ತಾ ಊಟಕ್ಕೆ ಎದ್ದು ಲಾಕ್ ಮಾಡಿ ಹೋದರೆ, ಬಂದು ಪಾಸ್‌ವರ್ಡ್ ಹೊಡೆಯುವಾಗಲೂ ಕನ್ನಡವೇ ಇರಬಹುದು. ಕಾಣೋದು ಚುಕ್ಕಿಗಳಷ್ಟೇ, ಒಳಗೆ ಹೋಗುತ್ತಿರೋದು ಕನ್ನಡ ಅಕ್ಷರ. ಬೆರಳು ಸರಿಯಾದ ಕೀಗಳನ್ನೇ ಒತ್ತಿರುತ್ತೆ, ಅವರು ಸುಳ್ಳು ಹೇಳುತ್ತಿಲ್ಲ. ಲಾಗಿನ್ ಪರದೆಯ ಕೆಳಗೆ ಬಲಗಡೆ ಭಾಷೆ ತೋರಿಸುತ್ತೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ತರೋಕೆ ಹೇಳಿಕೊಡಿ.

ಮಂಡಿಪೇಟೆ_ಸಿಸ್ಟಮ್ · ಮಂಗಳವಾರ ಬೆಳಿಗ್ಗೆ 11:10

ಮೇಡಂ, ನಿಮಗೆ ಒಂದು ಬೆಣ್ಣೆದೋಸೆ ಬಾಕಿ. ಅದೇ ಆಗಿತ್ತು. ಡಿಸ್ಪ್ಯಾಚ್‌ನಲ್ಲೂ ಹಳೆ ಪಾಸ್‌ವರ್ಡ್ ಸೇವ್ ಆಗಿತ್ತು, ಅಳಿಸಿದೆ. ನಿನ್ನೆ ಸಂಜೆಯಿಂದ ಲಾಕ್ ಆಗಿಲ್ಲ.

ಇನ್ನೊಂದೇ ಪ್ರಶ್ನೆ. ಚಿತ್ರದುರ್ಗ ಬ್ರಾಂಚ್ ಮ್ಯಾನೇಜರ್ ಪಾಸ್‌ವರ್ಡ್ ಎಕ್ಸ್‌ಪೈರ್ ಆಗಿತ್ತು, ಇಲ್ಲಿಂದ ಹೊಸದು ಮಾಡಿಕೊಟ್ಟೆ. ಅವರ ಲ್ಯಾಪ್‌ಟಾಪ್‌ಗೆ ಹಳೆ ಪಾಸ್‌ವರ್ಡೇ ಬೇಕು, ವಿಪಿಎನ್‌ಗೆ ಹೊಸದು ಬೇಕು. ಎರಡೂ ನೆನಪಿಟ್ಟುಕೊಂಡು ಸುಸ್ತಾಗಿದ್ದಾರೆ.

ದುರ್ಗದ_ನೆಟ್‌ವರ್ಕ್ · 11:24

ಲಾಗಿನ್ ಆಗುವಾಗ ವಿಪಿಎನ್ ಇನ್ನೂ ಇಲ್ಲ, ಅದಕ್ಕೇ ಲ್ಯಾಪ್‌ಟಾಪ್ ನೆನಪಿನಲ್ಲಿರುವ ಹಳೆಯದನ್ನೇ ಕೇಳುತ್ತೆ. ಹಳೆಯದರಲ್ಲಿ ಒಳಗೆ ಹೋಗಿ ವಿಪಿಎನ್ ಕನೆಕ್ಟ್ ಮಾಡಲಿ. ಕನೆಕ್ಟ್ ಇರುವಾಗಲೇ ವಿಂಡೋಸ್ ಕೀ ಮತ್ತು ಎಲ್ ಒತ್ತಿ ಲಾಕ್ ಮಾಡಲಿ. ಹೊಸ ಪಾಸ್‌ವರ್ಡ್ ಹಾಕಿ ತೆರೆಯಲಿ. ಆಗ ಸರ್ವರ್ ಕೇಳಿ ಹೊಸದನ್ನು ನೆನಪಿಟ್ಟುಕೊಳ್ಳುತ್ತೆ. ಲಾಕ್ ಮಾಡಿದರೆ ವಿಪಿಎನ್ ಕಟ್ ಆಗದ ಹಾಗೆ ಸೆಟ್ಟಿಂಗ್ ಇರಬೇಕು, ಅದೊಂದು ನೋಡಿಕೊಳ್ಳಿ.

ಹೊಸ_ಲ್ಯಾಪ್‌ಟಾಪ್ · 11:40

ಮಧ್ಯೆ ಬಂದೆ, ಕ್ಷಮಿಸಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಡೊಮೈನ್ ಜಾಯಿನ್ ಅನ್ನುವ ಆಯ್ಕೆಯೇ ಕಾಣುತ್ತಿಲ್ಲ.

ಹರಿಹರ_ಅಸೆಂಬ್ಲಿ · 11:43

ಹೋಮ್ ಎಡಿಷನ್ ಇರುತ್ತೆ. ಪ್ರೊ ಬೇಕು. ಬಿಲ್ ಮಾಡುವ ಮೊದಲೇ ಕೇಳಬೇಕು ಅಣ್ಣಾ.

ಮಂಡಿಪೇಟೆ_ಸಿಸ್ಟಮ್ · 12:15

ಬ್ರಾಂಚ್ ಮ್ಯಾನೇಜರ್‌ದೂ ಆಯಿತು. ರೂಟರ್ ಮೇಲೆ ಚೀಟಿ ಅಂಟಿಸಿದ್ದೇನೆ, ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿದ್ದೇನೆ. ಸಾಹುಕಾರರ ಹತ್ತಿರ ಎರಡನೇ ಡೊಮೈನ್ ಕಂಟ್ರೋಲರ್ ಮಾತು ತೆಗೆದೆ. ನಿನ್ನೆಯ ಬಿಸಿ ಇನ್ನೂ ಇತ್ತು, ಬೇಗ ಒಪ್ಪಿದರು. ಈಗಿನ ಸರ್ವರ್‌ನಲ್ಲೇ ಹೈಪರ್-ವಿ (ಒಂದು ಮಷಿನ್ ಒಳಗೆ ಇನ್ನೊಂದು ಸರ್ವರ್ ಓಡಿಸುವ ಸಾಫ್ಟ್‌ವೇರ್) ಹಾಕಿ ಎರಡನೆಯದನ್ನು ಮಾಡಬಹುದಾ?

ದುರ್ಗದ_ನೆಟ್‌ವರ್ಕ್ · 12:28

ಬೇಡ. ಆ ಪೆಟ್ಟಿಗೆ ಬಿದ್ದರೆ ಎರಡೂ ಒಟ್ಟಿಗೆ ಬೀಳುತ್ತವೆ. ಚಿಕ್ಕದಾದರೂ ಬೇರೆ ಮಷಿನ್ ತಗೊಳ್ಳಿ, ಬೇರೆ ಯುಪಿಎಸ್ ಮೇಲೆ ಇಡಿ. ಅದಕ್ಕೆ ಸರ್ವರ್ ಲೈಸೆನ್ಸ್ ಬೇರೆ ಬೇಕಾಗುತ್ತೆ, ಕೊಟೇಶನ್‌ನಲ್ಲಿ ಮೊದಲೇ ಸೇರಿಸಿ. ಅದು ಡೊಮೈನ್ ಕಂಟ್ರೋಲರ್ ಆದ ಮೇಲೆ ಡಿಎಚ್‌ಸಿಪಿಯಲ್ಲಿ ಎರಡನೇ ಡಿಎನ್‌ಎಸ್ ಆಗಿ ಅದರ ಐಪಿ ಹಾಕೋದು ಮರೆಯಬೇಡಿ, ಇಲ್ಲದಿದ್ದರೆ ಇದ್ದೂ ಇಲ್ಲದ ಹಾಗೆ. ಹೊಸದು ಸೇರಿಸುವ ಮೊದಲು ಈಗಿನ ಸರ್ವರ್‌ನ ಸಿಸ್ಟಮ್ ಸ್ಟೇಟ್ ಬ್ಯಾಕಪ್ ತೆಗೆದಿಡಿ.

ಮಂಡಿಪೇಟೆ_ಸಿಸ್ಟಮ್ · 12:33

ಸರಿ ಸರ್. ಮಷಿನ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.